ತಾಲೀಮಿನ ಖುರಾಕು, ಜಿಮ್ಮಿನ ಡಬ್ಬಿ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಮೈಕಟ್ಟಿನ ಮಾತು ತೆಗೆದರೆ ಮೊದಲು ಬರುವುದು ಯಾವ ಪೈಲ್ವಾನನ ಹೆಸರೂ ಅಲ್ಲ, ಹೋರಿಯ ಹೆಸರು. ದೀಪಾವಳಿ ಹತ್ತಿರವಾದಂತೆ ಕೊಬ್ಬರಿ ಕಟ್ಟಿ ಓಡಿಸುವ ಹೋರಿಗಳ ಮೇವಿನ ಲೆಕ್ಕವೇ ಬದಲಾಗುತ್ತದೆ. ಬೇಯಿಸಿದ ಹುರುಳಿ, ಹತ್ತಿಕಾಳು, ಶೇಂಗಾ ಹಿಂಡಿ, ಕೆಲವು ಮನೆಗಳಲ್ಲಿ ಮೊಟ್ಟೆ. ಮನೆ ಮಂದಿ ತಿನ್ನುತ್ತಾರೋ ಬಿಡುತ್ತಾರೋ, ಹೋರಿಗೆ ಮಾತ್ರ ತಪ್ಪುವಂತಿಲ್ಲ. ಹಾಗಂತ ತಿನ್ನಿಸಿ ಗೂಟಕ್ಕೆ ಕಟ್ಟಿ ಕೂಡುವವರೂ ಇಲ್ಲ. ಕೆರೆಯಲ್ಲಿ ಈಜಿಸುತ್ತಾರೆ, ಓಡಿಸುತ್ತಾರೆ, ಮೈ ತಿಕ್ಕುತ್ತಾರೆ. ಬರೀ ಮೇವು ಹಾಕಿದರೆ ಬೊಜ್ಜು ಬರುತ್ತದೆ, ಓಟ ಬರುವುದಿಲ್ಲ ಎಂಬುದು ಹೋರಿ ಸಾಕಿದ ಎಲ್ಲರಿಗೂ ಗೊತ್ತು.

ಅದೇ ಮನೆಯ ಹುಡುಗ ಸಂಜೆ ತಾಲೂಕು ಪೇಟೆಯ ಜಿಮ್ಮಿಗೆ ಹೋಗಿ, ಬೆವರು ಆರುವ ಮೊದಲೇ ಪ್ಲಾಸ್ಟಿಕ್ ಶೇಕರಿನಲ್ಲಿ ಚಾಕೊಲೇಟ್ ಬಣ್ಣದ ಪುಡಿ ಕಲಕಿ ಕುಡಿಯುತ್ತಾನೆ. ಒಂದು ಕಿಲೋ ಡಬ್ಬಿಗೆ ಎರಡು ಸಾವಿರ ರೂಪಾಯಿಯ ಮೇಲೆ. ಈ ಪುಡಿ ಇಲ್ಲಿಯವರೆಗೆ ಬಂದ ದಾರಿ ಸಾಕಷ್ಟು ಸುತ್ತಿನದು. ಅದರಲ್ಲಿ ಮೈಸೂರಿದೆ, ನೀಲಗಿರಿಯ ಇಲಿಗಳಿವೆ, ಇಂಗ್ಲೆಂಡಿನಲ್ಲಿ ಸತ್ತ ಟರ್ಕಿ ಕೋಳಿಗಳಿವೆ, ಅಮೆರಿಕದ ಚೀಸ್ ಕಾರ್ಖಾನೆಗಳ ಚರಂಡಿಯೂ ಇದೆ.

ಮೊದಲು ಇದ್ದದ್ದು ಖುರಾಕು, ಅಂದರೆ ಪೈಲ್ವಾನನ ಊಟ. ಹಳೆಯ ಧಾರವಾಡ ಜಿಲ್ಲೆಯ ಊರುಗಳಲ್ಲಿ ಗರಡಿಮನೆ ಅಂದರೆ ತಗ್ಗು ಬಾಗಿಲು, ಮಂದ ಬೆಳಕು, ಗೋಡೆಯ ಮೇಲೆ ಹನುಮಪ್ಪ, ನೆಲದಲ್ಲಿ ಜರಡಿ ಹಿಡಿದ ಕೆಂಪು ಮಣ್ಣು. ಆ ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಬೆರೆಸಿ ಹದ ಮಾಡುತ್ತಿದ್ದರು. ಬೆಳಗಿನ ಜಾವ ದಂಡ, ಬಸ್ಕಿ, ಆಮೇಲೆ ಜೋಡಿ ಹಿಡಿಯುವುದು. ಇಷ್ಟು ಮುಗಿದ ಮೇಲೆ ರಾತ್ರಿ ನೆನೆಹಾಕಿದ ಕಡಲೆ, ಬೆಲ್ಲ, ಶೇಂಗಾ, ಎಮ್ಮೆ ಹಾಲು. ಅನುಕೂಲಸ್ಥರ ಮನೆಯ ಪೈಲ್ವಾನನಿಗೆ ಬಾದಾಮಿ, ಗಸಗಸೆ ಅರೆದು ಹಾಲಿಗೆ ಕಲ್ಲುಸಕ್ಕರೆ ಹಾಕಿದ ಥಂಡಾಯಿ, ಮೇಲೆ ತುಪ್ಪ. ಗೋಕಾಕ, ಅಮೀನಗಡದ ಕರದಂಟು ಬಾಣಂತಿಗೂ ಪೈಲ್ವಾನನಿಗೂ ಸಮನಾಗಿ ಸಲ್ಲುತ್ತಿತ್ತು. ಮಾಂಸ ತಿನ್ನುವವರ ಲೆಕ್ಕ ಬೇರೆ. ಬಡವರ ಮನೆಯ ಹುಡುಗ ಜಾತ್ರೆಯ ಕುಸ್ತಿಯಲ್ಲಿ ಹೆಸರು ಮಾಡಿದರೆ ಊರಿನ ಗೌಡರೋ ವರ್ತಕರೋ ಅವನ ಹಾಲು–ತುಪ್ಪದ ಖರ್ಚು ವಹಿಸಿಕೊಳ್ಳುತ್ತಿದ್ದರು. ಕೊಲ್ಲಾಪುರದ ಶಾಹು ಮಹಾರಾಜರು ಇದೇ ಕೆಲಸವನ್ನು ಸಂಸ್ಥಾನದ ಮಟ್ಟದಲ್ಲಿ ಮಾಡಿದರು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಈ ಸೀಮೆಯ ಜಟ್ಟಿಗಳ ಕಣ್ಣೂ ಕೊಲ್ಲಾಪುರದ ಕಡೆಗೇ ಇತ್ತು.

ಖುರಾಕು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಆದರೆ ಅದರಲ್ಲಿ ಯಾವುದು ಮಾಂಸಖಂಡಕ್ಕೆ, ಯಾವುದು ಕೊಬ್ಬಿಗೆ ಎಂದು ಯಾರೂ ಅಳೆದಿರಲಿಲ್ಲ. ಊಟವನ್ನು ಅಳೆಯುವ ಕೆಲಸ ನಡೆದದ್ದು ನೀಲಗಿರಿಯ ಕೂನೂರಿನಲ್ಲಿ, ಇಲಿಗಳ ಮೇಲೆ. ರಾಬರ್ಟ್ ಮೆಕ್ಯಾರಿಸನ್ ಎಂಬ ಸೇನಾ ವೈದ್ಯರು ಅಲ್ಲಿ 1918ರಲ್ಲಿ ಸಣ್ಣ ಪ್ರಯೋಗಾಲಯ ಕಟ್ಟಿದರು. ಮುಂದೆ ಅವರು ಹಿಂದೂಸ್ಥಾನದ ಏಳು ಸೀಮೆಗಳ ಊಟವನ್ನು ಹಾಗೆ ಹಾಗೆಯೇ ಮಾಡಿಸಿ, ಒಂದೊಂದು ಗುಂಪು ಮರಿ ಇಲಿಗಳಿಗೆ ಒಂದೊಂದನ್ನು ತಿನ್ನಿಸಿದರು. 140 ದಿನಗಳ ಮೇಲೆ ತೂಕ ಹಾಕಿದಾಗ ಸಿಖ್ಖರ ಊಟ ತಿಂದ ಇಲಿ ಸರಾಸರಿ 235 ಗ್ರಾಂ, ಮರಾಠರ ಊಟದ್ದು 225, ಮದ್ರಾಸಿಯದ್ದು 155. ಆ ಏಳರಲ್ಲಿ ಕನ್ನಡಿಗರ ಊಟವೂ ಒಂದು. ನಮ್ಮ ಇಲಿ 185 ಗ್ರಾಂ ತೂಗಿ ಐದನೆಯ ಸ್ಥಾನದಲ್ಲಿ ನಿಂತಿತು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ಇದ್ದ ಊಟ ಮೇಲೆ ಬಂತು. ಪಾಲಿಶ್ ಮಾಡಿದ ಅಕ್ಕಿಯೇ ಹೆಚ್ಚಾಗಿದ್ದದ್ದು ಕೆಳಗೆ ಹೋಯಿತು. ಕನ್ನಡಿಗರೆಲ್ಲ ಒಂದೇ ಊಟ ಮಾಡುತ್ತಾರೆ ಎಂದುಕೊಂಡದ್ದು ಮೆಕ್ಯಾರಿಸನ್ನರ ಕೊರತೆಯೇ ಸರಿ. ಭತ್ತದ ಹಾನಗಲ್ಲಿನ ತಾಟು, ಜೋಳದ ಸವಣೂರಿನ ತಾಟು ಒಂದೇ ಅಲ್ಲ.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸುತ್ತಿದ್ದರು. ಅಂಗಸಾಧನೆಯ ಪಾಠಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದ ಈ ಮನುಷ್ಯನೇ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃ ಎಂದರೆ ಇಂದಿನ ಜಿಮ್ ಹುಡುಗರು ನಂಬುವುದು ಕಷ್ಟ. ಅವರಿಗಿಂತ ಹಿಂದೆ, 1904–05ರಲ್ಲಿ, ಯೂಜಿನ್ ಸ್ಯಾಂಡೋ ಭಾರತಕ್ಕೆ ಬಂದು ಊರೂರು ತಿರುಗಿ ತನ್ನ ಮೈಕಟ್ಟು ತೋರಿಸಿ ಹೋಗಿದ್ದ. ಇಂಗ್ಲೆಂಡಿನಲ್ಲಿ ಆತ ಪ್ಲಾಸ್ಮನ್ ಎಂಬ ಹಾಲಿನ ಪ್ರೋಟೀನ್ ಪುಡಿಗೆ ಜಾಹೀರಾತು ಕೊಟ್ಟಿದ್ದ. ಗಟ್ಟಿ ಮೈಯವನ ಚಿತ್ರ ಹಾಕಿ ಪುಡಿ ಮಾರುವ ಉಪಾಯ ಅಷ್ಟು ಹಳೆಯದು. 1950ರ ದಶಕದಲ್ಲಿ ಅಮೆರಿಕದ ಬಾಬ್ ಹಾಫ್‌ಮನ್ ಸೋಯಾ ಹಿಟ್ಟಿಗೆ ಚಾಕೊಲೇಟ್ ಬೆರೆಸಿ, ತನ್ನದೇ ಪತ್ರಿಕೆಯಲ್ಲಿ ಹೊಗಳಿ ಮಾರಿದ. ರುಚಿ ಅಷ್ಟಕ್ಕಷ್ಟೇ ಇತ್ತಂತೆ.

ಆ ದಶಕದಲ್ಲೇ ಕರ್ನಾಟಕದ ಸ್ವಂತ ಪುಡಿ ಹುಟ್ಟಿತು, ಮೈಸೂರಿನಲ್ಲಿ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ತಯಾರಿಸಿತು. ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಪಾಲು, ಕಡಲೆ ಹಿಟ್ಟು 25 ಪಾಲು, ಮೇಲೆ ವಿಟಮಿನ್ನು, ಸುಣ್ಣದಂಶ. ನೂರು ಗ್ರಾಮಿನಲ್ಲಿ 40 ಗ್ರಾಮಿಗೂ ಮಿಕ್ಕಿ ಪ್ರೋಟೀನ್. ತಾಲೀಮಿನಿಂದ ಬಂದ ಪೈಲ್ವಾನ ಮುಕ್ಕುತ್ತಿದ್ದ ಕಡಲೆ, ಶೇಂಗಾಗಳೇ ಇಲ್ಲಿ ವಿಜ್ಞಾನಿಗಳ ಕೈಯಲ್ಲಿ ಪುಡಿಯಾಗಿದ್ದವು. ಆದರೆ ಅದು ಜಟ್ಟಿಗಳಿಗಾಗಿ ಮಾಡಿದ್ದಲ್ಲ, ಹೊಟ್ಟೆಗಿಲ್ಲದೆ ಬಡಕಲಾದ ಮಕ್ಕಳಿಗಾಗಿ.

ಶೇಂಗಾ ಪುಡಿಯ ಭವಿಷ್ಯಕ್ಕೆ ಪೆಟ್ಟು ಬಿದ್ದದ್ದು ದೂರದ ಇಂಗ್ಲೆಂಡಿನಿಂದ. 1960ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದರೆ ತಪ್ಪು ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿಯದು. ಸರಿಯಾಗಿ ಒಣಗದ ಶೇಂಗಾದ ಮೇಲೆ ಬೆಳೆಯುವ ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ನೇರ ಯಕೃತ್ತಿಗೆ ಹೊಡೆಯುತ್ತದೆ. ಅಲ್ಲಿಂದ ಮುಂದೆ ಮಕ್ಕಳಿಗೆ ಶೇಂಗಾ ಹಿಟ್ಟು ಕೊಡುವ ಯೋಜನೆಗಳೆಲ್ಲ ಈ ವಿಷದ ಪರೀಕ್ಷೆ ದಾಟಿಯೇ ಬರಬೇಕಾಯಿತು. ಕಣದಲ್ಲಿ ಶೇಂಗಾ ಹರವಿ ಬಿಸಿಲಿಗೆ ಕಾಯುವ ರೈತನಿಗೆ ಬೂಷ್ಟು ಹಿಡಿದ ಕಾಯಿ ಕಹಿ ಎಂಬುದು ಮೊದಲೇ ಗೊತ್ತಿತ್ತು. ಅದರ ಹೆಸರು ಗೊತ್ತಾದದ್ದು ಆಗ.

ಡಬ್ಬಿಯೊಳಗೆ ಕೊನೆಗೂ ನೆಲೆ ಕಂಡದ್ದು ಹಾಲೊಡಕು ನೀರು. ಹಾಲು ಒಡೆದಾಗ ಗಟ್ಟಿ ಒಂದು ಕಡೆ ಕೂಡಿ, ಮೇಲೆ ನಿಲ್ಲುವ ತಿಳಿ ಹಸಿರು–ಹಳದಿ ನೀರೇ ಇದು. ಹತ್ತು ಲೀಟರ್ ಹಾಲಿನಿಂದ ಒಂದು ಕಿಲೋ ಚೀಸ್ ಮಾಡಿದರೆ ಒಂಬತ್ತು ಲೀಟರಿನಷ್ಟು ಈ ನೀರು ಉಳಿಯುತ್ತದೆ. ಅಮೆರಿಕ, ಯುರೋಪಿನ ಚೀಸ್ ಕಾರ್ಖಾನೆಗಳು ಅದನ್ನು ಹಂದಿಗಳಿಗೆ ಹಾಕುತ್ತಿದ್ದವು, ಹೊಲಕ್ಕೆ ಬಿಡುತ್ತಿದ್ದವು, ಹೊಳೆಗೂ ಸುರಿಯುತ್ತಿದ್ದವು. ಹೊಳೆ ನಾರತೊಡಗಿ, 1970ರ ದಶಕದಲ್ಲಿ ಕಾನೂನು ಬಿಗಿಯಾದಾಗ ಅದೇ ಹೊತ್ತಿಗೆ ಅತಿ ಸೂಕ್ಷ್ಮ ಪೊರೆಗಳಲ್ಲಿ ದ್ರವ ಸೋಸುವ ತಂತ್ರ ಕೈಗೆ ಬಂದಿತ್ತು. ಲೀಟರ್ ನೀರಿನಲ್ಲಿ ಪ್ರೋಟೀನ್ ಇರುವುದು ಆರೇಳು ಗ್ರಾಂ. ಸಕ್ಕರೆ, ಉಪ್ಪು, ನೀರನ್ನು ಪೊರೆ ಆಚೆಗೆ ಬಿಟ್ಟು ಪ್ರೋಟೀನನ್ನು ಮಾತ್ರ ತಡೆದು, ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದರೆ ಪುಡಿ. ಈ ಲೆಕ್ಕದಲ್ಲಿ ನೂರರಲ್ಲಿ 80 ಪಾಲು ಪ್ರೋಟೀನ್ ಇರುವ ಒಂದು ಕಿಲೋ ಪುಡಿಗೆ ನೂರು ಲೀಟರಿಗೂ ಹೆಚ್ಚು ಹಾಲೊಡಕು ಬೇಕು. ಚೆಲ್ಲಲು ಕೈಯಿಂದ ದುಡ್ಡು ಕೊಡುತ್ತಿದ್ದ ಕಾರ್ಖಾನೆಗೆ ಅದರಿಂದಲೇ ಆದಾಯ ಬಂತು. ಈ ಪ್ರೋಟೀನ್ ಬೇಗ ಅರಗುತ್ತದೆ, ಮಾಂಸಖಂಡದ ದುರಸ್ತಿಗೆ ಬೇಕಾದ ಲ್ಯೂಸಿನ್ ಎಂಬ ಅಮೈನೊ ಆಮ್ಲ ಇದರಲ್ಲಿ ಧಾರಾಳ. ಜಾಹೀರಾತಿನವರು ಹೇಳುವುದರಲ್ಲಿ ಇಷ್ಟು ಮಾತ್ರ ಸುಳ್ಳಲ್ಲ.

ಜೊತೆಗೆ ಬಂದದ್ದು ಕ್ರಿಯಾಟಿನ್. ಫ್ರೆಂಚ್ ರಸಾಯನ ವಿಜ್ಞಾನಿ ಶೆವ್ರೂಲ್ 1832ರಲ್ಲೇ ಮಾಂಸದಲ್ಲಿ ಕಂಡುಹಿಡಿದಿದ್ದ ಇದು ಆಟಗಾರರ ಬಾಯಿಗೆ ಬಂದದ್ದು 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಸುತ್ತಮುತ್ತ. ದಿನಕ್ಕೆ ಮೂರರಿಂದ ಐದು ಗ್ರಾಂ ತೆಗೆದುಕೊಂಡರೆ ಭಾರ ಎತ್ತುವವರಿಗೆ ಒಂದೆರಡು ಎತ್ತು ಹೆಚ್ಚು ಸಾಧ್ಯವಾಗುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಅಂಗಡಿಯ ಕಪಾಟಿನ ಉಳಿದ ಬಹುಪಾಲು ಬಾಟಲಿಗಳ ಬಗ್ಗೆ ಹೀಗೆ ಹೇಳಲಾಗದು.

ಪುಡಿಯ ವ್ಯಾಪಾರ ಸವಣೂರಿನ ಒಂದು ಮರವನ್ನೂ ಬಿಟ್ಟಿಲ್ಲ. ದೊಡ್ಡಹುಣಸೆ ಮಠದ ಆವರಣದಲ್ಲಿ ನಿಂತಿರುವ ದೈತ್ಯ ಮರಗಳು ಹುಣಸೆಯ ಜಾತಿಯವೇ ಅಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಅದರ ಕಾಯಿಯ ಹುಳಿ ತಿರುಳಿನ ಪುಡಿಗೆ ಐರೋಪ್ಯ ಒಕ್ಕೂಟ 2008ರಲ್ಲಿ ಆಹಾರವೆಂದು ಒಪ್ಪಿಗೆ ಕೊಟ್ಟ ಮೇಲೆ ಅಲ್ಲಿಯ ಅಂಗಡಿಗಳಲ್ಲಿ ಅದು 'ಸೂಪರ್ ಫುಡ್' ಆಗಿ ದುಬಾರಿ ಬೆಲೆಗೆ ಹೋಗುತ್ತಿದೆ. ಅದರಲ್ಲಿ ಸಿ ಜೀವಸತ್ವ, ನಾರು ಉಂಟು. ಪ್ರೋಟೀನ್ ಹೆಸರಿಗಷ್ಟೇ. ರಟ್ಟೆ ದಪ್ಪವಾಗಲಿ ಎಂದು ಯಾರೂ ಸವಣೂರಿನ ಮರಕ್ಕೆ ಕಲ್ಲೆಸೆಯಬೇಕಿಲ್ಲ. ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬೇರುಸಹಿತ ಉರುಳಿ, ಅದನ್ನು ಮತ್ತೆ ಎತ್ತಿ ನೆಡಬೇಕಾಯಿತು. ಇರುವುದನ್ನು ಉಳಿಸಿಕೊಂಡರೆ ಸಾಕು.

ಹಾಗಾದರೆ ಜಿಮ್ಮಿಗೆ ಹೋಗುವ ಹಾನಗಲ್ಲಿನ, ಹಿರೇಕೆರೂರಿನ ಹುಡುಗನಿಗೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಂತೆ ಸಾಮಾನ್ಯರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ. 60 ಕಿಲೋ ತೂಗುವವನಿಗೆ 50 ಗ್ರಾಂ ಆಯಿತು. ಭಾರ ಎತ್ತುವವರಿಗೆ ಕ್ರೀಡಾ ಪೋಷಣೆಯ ತಜ್ಞರು ಹೇಳುವುದು ಕಿಲೋಗೆ 1.4ರಿಂದ 2 ಗ್ರಾಂ. ನಡುವಿನ 1.6 ಹಿಡಿದರೆ 96 ಗ್ರಾಂ. ಈಗ ತಾಟು ನೋಡೋಣ. ನಾಲ್ಕು ಜೋಳದ ರೊಟ್ಟಿಗೆ 200 ಗ್ರಾಂ ಹಿಟ್ಟು, ಅದರಲ್ಲಿ 20 ಗ್ರಾಂ. ಒಂದು ಹಿಡಿ ಕಡಲೆ 10, ಒಂದು ಹಿಡಿ ಶೇಂಗಾ 12, ತೊಗರಿ ಬೇಳೆಯ ಸಾರು ಎರಡು ಹೊತ್ತು 11, ಸ್ವಲ್ಪ ಅನ್ನ 7. ಇಲ್ಲಿಗೆ 60. ಅರ್ಧ ಲೀಟರ್ ಹಾಲು 17, ಎರಡು ಮೊಟ್ಟೆ 12 ಸೇರಿದರೆ 89. ಮೇಲೊಂದು ಬಟ್ಟಲು ಗಟ್ಟಿ ಮೊಸರು ಬಿದ್ದರೆ 96 ದೂರವಿಲ್ಲ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ನನ್ನು ಕಾಳು, ಹಾಲು ತುಂಬಿಕೊಡುತ್ತವೆ. ರೊಟ್ಟಿಗೆ ಮಡಿಕೆಕಾಳಿನ ಪಲ್ಯ, ಮೊಸರು ಹಚ್ಚಿ ತಿನ್ನುವವರು ಗೊತ್ತಿಲ್ಲದೆಯೇ ಇದನ್ನು ಮಾಡುತ್ತ ಬಂದಿದ್ದಾರೆ.

ತೊಡಕು ಇರುವುದು ಹಾಲು, ಮೊಟ್ಟೆ, ಕಾಳು ತಾಟಿನಿಂದ ಜಾರಿದಾಗ. ಹಾಲು ಡೇರಿಗೆ ಹೋಗುತ್ತದೆ, ಮನೆಯಲ್ಲಿ ಉಳಿಯುವುದು ಚಹಾಕ್ಕಾಗುವಷ್ಟು. ಗೋವಿನಜೋಳಕ್ಕೆ ಹಾವೇರಿ ಜಿಲ್ಲೆ ರಾಜ್ಯದಲ್ಲೇ ಮುಂದು. ಅದರ ದೊಡ್ಡ ಪಾಲು ಕೋಳಿ ಆಹಾರವಾಗಿ ಹೊರಗೆ ಹೋಗಿ, ಮೊಟ್ಟೆಯಾಗಿ ಮತ್ತೆ ಪೇಟೆಗೆ ಬರುತ್ತದೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸಂಜೆ ಮಿರ್ಚಿ ಮಂಡಕ್ಕಿ ತಿನ್ನುವ ಹುಡುಗನ ಲೆಕ್ಕ 40 ದಾಟುವುದು ಕಷ್ಟ. ಅಂಥವನಿಗೆ 24 ಗ್ರಾಂ ಕೊಡುವ ಒಂದು ಸ್ಕೂಪ್ ಪುಡಿ ನಿಜವಾಗಿಯೂ ಉಪಯೋಗ. ಆದರೆ ಅದು ತಾಟಿನಲ್ಲಿಯ ಕೊರತೆ ತುಂಬುತ್ತದೆ, ತಾಟಿನ ಬದಲಿಗೆ ನಿಲ್ಲುವುದಿಲ್ಲ. ಪುಡಿಯೇ ಮೈಕಟ್ಟಿನ ಬುನಾದಿ ಎನ್ನುವುದು ಮಾರುವವರ ಮಾತು.

ಸರ್ಕಾರಿ ಶಾಲೆಯಲ್ಲಿ ಈ ಲೆಕ್ಕ ಸದ್ದಿಲ್ಲದೆ ಬದಲಾಗುತ್ತಿದೆ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ಮೊಟ್ಟೆ ವಾರಕ್ಕೆ ಆರು ದಿನ, ತಿನ್ನದವರಿಗೆ ಬಾಳೆಹಣ್ಣು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೆಎಂಎಫ್ ಬೆಂಗಳೂರಿನಲ್ಲಿ ಹಾಲೊಡಕಿನ ಪ್ರೋಟೀನ್ ಬೆರೆಸಿದ ಇಡ್ಲಿ–ದೋಸೆ ಹಿಟ್ಟನ್ನು ಮಾರುಕಟ್ಟೆಗೆ ಬಿಟ್ಟಿತು. ಅದು ತಾಲೂಕು ಪೇಟೆಗಳಿಗೂ ಸರಾಗವಾಗಿ ಬಂದರೆ, ಈ ಊರುಗಳ ಹಾಲು ಹಾಕುವ ರೈತರ ಮಕ್ಕಳಿಗೆ ಹಡಗಿನಲ್ಲಿ ಬಂದ ಪುಡಿಗಿಂತ ಅಗ್ಗವಾದೀತು.

2024ರಲ್ಲಿ ಇನ್ನೂ ಎರಡು ಸುದ್ದಿ ಬಂದವು. ಮೊದಲನೆಯದು ರಾಷ್ಟ್ರೀಯ ಪೋಷಣಾ ಸಂಸ್ಥೆಯದು. ಮೆಕ್ಯಾರಿಸನ್ನರ ಕೂನೂರು ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಈಗ ಈ ಸಂಸ್ಥೆಯಾಗಿದೆ. ಮೈ ಬೆಳೆಸಲು ಪ್ರೋಟೀನ್ ಪುಡಿಯ ಮೊರೆ ಹೋಗಬೇಡಿ, ಬಹುಕಾಲ ಹೆಚ್ಚು ತೆಗೆದುಕೊಂಡರೆ ಮೂಳೆಗೂ ಮೂತ್ರಪಿಂಡಕ್ಕೂ ತೊಂದರೆ ಎಂದು ಅದು ಆಹಾರ ಮಾರ್ಗಸೂಚಿಯಲ್ಲಿ ಹೇಳಿತು. ಆರೋಗ್ಯವಂತರ ವಿಷಯದಲ್ಲಿ ಈ ಎಚ್ಚರಿಕೆ ತುಸು ಬಿಗಿಯಾಯಿತು ಎನ್ನುವ ತಜ್ಞರೂ ಇದ್ದಾರೆ. ಇನ್ನೊಂದು ಸುದ್ದಿಗೆ ಎರಡು ಮಾತಿಲ್ಲ. ಕೇರಳದ ಯಕೃತ್ ತಜ್ಞ ಡಾ. ಸಿರಿಯಕ್ ಅಬಿ ಫಿಲಿಪ್ಸ್ ಮತ್ತು ಸಂಗಡಿಗರು ದೇಶದಲ್ಲಿ ಮಾರಾಟವಾಗುವ 36 ಪುಡಿಗಳನ್ನು ಪರೀಕ್ಷೆ ಮಾಡಿಸಿದಾಗ ಸುಮಾರು ಶೇ 70ರಷ್ಟರಲ್ಲಿ ಚೀಟಿಯ ಮೇಲಿನ ಪ್ರೋಟೀನಿಗೂ ಒಳಗಿದ್ದ ಪ್ರೋಟೀನಿಗೂ ತಾಳೆಯಾಗಲಿಲ್ಲ. ಶೇ 14ರಷ್ಟರಲ್ಲಿ ಅಫ್ಲಾಟಾಕ್ಸಿನ್ ಸಿಕ್ಕಿತು. ಟರ್ಕಿ ಕೋಳಿಗಳನ್ನು ಕೊಂದ ಅದೇ ವಿಷ.

ಆದ್ದರಿಂದ ಕೊಳ್ಳಲೇಬೇಕು ಎನ್ನುವವರು ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿಯ 14 ಅಂಕಿಗಳ ಸಂಖ್ಯೆ ಇದೆಯೇ, ಸೀಲು ಒಡೆದಿಲ್ಲವೇ ನೋಡಿ, ಬಿಲ್ಲು ಕೇಳಿ ಪಡೆಯಬೇಕು. ಜಿಮ್ಮಿನಲ್ಲಿ ಚೀಲದಿಂದ ಅಳೆದು ಕೊಡುವ ಬಿಡಿ ಪುಡಿಯನ್ನು, ಹೆಸರಿಲ್ಲದ ಮಾತ್ರೆ–ಸೂಜಿಯನ್ನು ಮುಟ್ಟಬಾರದು. ಕುಸ್ತಿ, ಕಬಡ್ಡಿಯಲ್ಲಿ ರಾಜ್ಯ ತಂಡದ ಆಸೆಯಿರುವವರಿಗಂತೂ ಕಲಬೆರಕೆ ಪುಡಿಯಿಂದ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಅಪಾಯವೂ ಉಂಟು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಡಬ್ಬಿ ತೆರೆಯುವ ಮೊದಲು ತಾಲೂಕು ಆಸ್ಪತ್ರೆಯಲ್ಲಿ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ ಮುಂದುವರಿಯುವುದು ಒಳ್ಳೆಯದು.