ನೆಲದಡಿಯ ರೈಲಿನ ನೂಕುನುಗ್ಗಲು

ಬೆಳಿಗ್ಗೆ ಒಂಬತ್ತು ಗಂಟೆಯ ಸುಮಾರಿಗೆ ಮೆಜೆಸ್ಟಿಕ್ಕಿನ ನೆಲದಡಿಯ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಬೆಂಗಳೂರಿನ ನೇರಳೆ ಮಾರ್ಗದ ಅವಸ್ಥೆಯನ್ನು ನಾವು ಬಣ್ಣಿಸಿ ಹೇಳಬೇಕಾದುದಿಲ್ಲ. ಬಾಗಿಲು ತೆರೆಯುವುದೇ ತಡ, ಇಳಿಯುವವರೂ ಏರುವವರೂ ಏಕಕಾಲದಲ್ಲಿ ಎದುರುಬದುರಾಗುವರು. ಪುಸ್ತಕದ ಚೀಲವನ್ನು ಎದೆಗವಚಿಕೊಂಡ ವಿದ್ಯಾರ್ಥಿನಿ, ಆಸ್ಪತ್ರೆಯ ದಾದಿ, ಅಂಗಡಿಯ ಗುಮಾಸ್ತ, ವೈಟ್‌ಫೀಲ್ಡಿನ ಕಚೇರಿಗೆ ಹೊರಟ ತರುಣ, ಎಲ್ಲರದೂ ಒಂದೇ ಗತಿ. ಪೌರನು ದಿನದ ದುಡಿಮೆಗೆ ಮೊದಲೇ ಬಳಲಿ ಬೆಂಡಾಗುವುದು ಯಾವ ನಾಗರಿಕ ಸರಕಾರಕ್ಕೂ ಭೂಷಣವಲ್ಲ.

ಈ ಸಂಕಟವು ಒಂದು ದಿನದಲ್ಲಿ ಬಂದುದಲ್ಲ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ. ಜಿ. ರಸ್ತೆಯವರೆಗೆ ಮೂರು ಬೋಗಿಗಳ ರೈಲು ಓಡತೊಡಗಿತು. 2016ರಲ್ಲಿ ಸುರಂಗಭಾಗವು ತೆರೆದು ಪೂರ್ವಪಶ್ಚಿಮಗಳು ಕೂಡಿದುವು. 2018ರಲ್ಲಿ ಆರು ಬೋಗಿಗಳ ರೈಲು ಬಂದಿತು. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿಲೋಮೀಟರಿಗೂ ಮಿಕ್ಕ ಮಾರ್ಗ ಪೂರ್ಣವಾಯಿತು. ಮಾರ್ಗ ಬೆಳೆಯಿತು, ಜನ ಬೆಳೆಯಿತು, ಆದರೆ ಬಂಡಿಗಳು? 216 ಬೋಗಿಗಳ ಗುತ್ತಿಗೆಯನ್ನು ಚೀನಾದೇಶದ ಸಂಸ್ಥೆಗೆ ಒಪ್ಪಿಸಿದುದು 2019ರ ಡಿಸೆಂಬರಿನಲ್ಲಿ. ಮೊದಲನೆಯ ರೈಲು ಬೆಂಗಳೂರಿಗೆ ಬಂದುದು 2024ರ ಫೆಬ್ರವರಿಯಲ್ಲಿ, ಅದೂ ಹಳದಿ ಮಾರ್ಗಕ್ಕಾಗಿ. ಬಾಯಾರಿದ ಮೇಲೆ ಬಾವಿ ತೋಡುವುದೆಂದರೆ ಇದೇ ಅಲ್ಲವೆ? ಮೊದಲ ಹಂತದ ಬೋಗಿಗಳನ್ನು ಕಟ್ಟಿಕೊಟ್ಟುದು ಈ ನಗರದ್ದೇ ಆದ ಸಾರ್ವಜನಿಕ ಕಾರ್ಖಾನೆ ಬೆಮೆಲ್ ಎಂಬುದನ್ನು ನೆನೆದಾಗ ನಮಗೆ ವಿಷಾದವು ಇಮ್ಮಡಿಯಾಗುತ್ತದೆ. 2023ರಲ್ಲಿ ಮುಂದಿನ ಮಾರ್ಗಗಳ 318 ಬೋಗಿಗಳ ಕೆಲಸವನ್ನು ಮತ್ತೆ ಅದೇ ಕಾರ್ಖಾನೆಗೆ ವಹಿಸಿದುದು ಸಂತೋಷಕರ.

ಇನ್ನು ಪರಿಹಾರದ ಮಾತು. ಇದು ಸರಳ ಗಣಿತ. ಆರು ಬೋಗಿಗಳ ರೈಲೊಂದರಲ್ಲಿ ಸುಮಾರು 2000 ಜನರು ಹಿಡಿಯುವರು. ಮೂರು ನಿಮಿಷಕ್ಕೊಂದು ರೈಲು ಹೊರಟರೆ ಗಂಟೆಗೆ 20 ರೈಲು, 40,000 ಜನ. ಎರಡು ನಿಮಿಷಕ್ಕೊಂದಾದರೆ 30 ರೈಲು, 60,000 ಜನ. ಹೊಸ ಸುರಂಗ ತೋಡದೆ, ನಿಲ್ದಾಣವನ್ನು ಉದ್ದಮಾಡದೆ ಅರ್ಧದಷ್ಟು ಹೆಚ್ಚಿನ ಜನರಿಗೆ ಎಡೆ ದೊರೆಯುವುದು. ಲಂಡನ್ನಿನ ವಿಕ್ಟೋರಿಯಾ ಮಾರ್ಗದಲ್ಲಿ 2017ರಿಂದ ದಟ್ಟಣೆಯ ಗಂಟೆಯಲ್ಲಿ 36 ರೈಲುಗಳು ಓಡುತ್ತಿವೆ. ಇದಕ್ಕೆ ಬಂಡಿಗಳು ಮಾತ್ರ ಸಾಲವು. ಸಂಜ್ಞಾವ್ಯವಸ್ಥೆ ಸುಧಾರಿಸಬೇಕು, ಕೊನೆಯ ನಿಲ್ದಾಣಗಳಲ್ಲಿ ರೈಲು ಬೇಗನೆ ಹಿಂತಿರುಗಬೇಕು, ವಿದ್ಯುತ್ತು ಸಾಕಷ್ಟಿರಬೇಕು. ಈ ವೆಚ್ಚವು ಹೊಸ ಮಾರ್ಗದ ವೆಚ್ಚದ ಮುಂದೆ ಅತ್ಯಲ್ಪ. ಅಲ್ಲಿಯವರೆಗೆ, ಬೆಳಗಿನಲ್ಲಿ ಮೆಜೆಸ್ಟಿಕ್ಕಿನಿಂದಲೇ ಪೂರ್ವಕ್ಕೆ ಬರಿದಾದ ರೈಲುಗಳನ್ನು ಹೊರಡಿಸುವ ಕ್ರಮವನ್ನು ಅಧಿಕಾರಿಗಳು ಇನ್ನಷ್ಟು ವಿಸ್ತರಿಸಬೇಕು.

ಎರಡನೆಯದು ದರದ ವಿಚಾರ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರವನ್ನು 60 ರೂಪಾಯಿಯಿಂದ 90 ರೂಪಾಯಿಗೆ ಏರಿಸಿದರು. ದಟ್ಟಣೆಯಿಲ್ಲದ ವೇಳೆಯಲ್ಲಿ ಪಯಣಿಸುವ ಕಾರ್ಡುದಾರರಿಗೆ ಹೆಚ್ಚಾಗಿ ಕೊಟ್ಟ ರಿಯಾಯಿತಿ ನೂರಕ್ಕೆ ಐದು. ಇಷ್ಟರಿಂದ ಯಾರು ತಾನೆ ಒಂದು ಗಂಟೆ ಮುಂಚೆ ಮನೆ ಬಿಡುವರು? ಸಿಂಗಪುರದಲ್ಲಿ 2013ರಿಂದ 2017ರವರೆಗೆ, ಬೆಳಿಗ್ಗೆ 7-45ರೊಳಗೆ ನಗರಮಧ್ಯದ ನಿಲ್ದಾಣಗಳಲ್ಲಿ ಇಳಿದವರಿಗೆ ಪ್ರಯಾಣವನ್ನೇ ಉಚಿತಗೊಳಿಸಿದ್ದರು. ಜನರ ಅಭ್ಯಾಸವನ್ನು ತಿದ್ದಬೇಕಾದರೆ ಕೊಡುಗೆಯು ಕೈಗೆ ಹತ್ತುವಂತಿರಬೇಕು. ದರವೇರಿಸಿ ಬಡವರನ್ನು ರೈಲಿನಿಂದ ಹೊರದೂಡಿದರೆ ದಟ್ಟಣೆಯೇನೋ ಇಳಿದೀತು. ಅದು ಪರಿಹಾರವಲ್ಲ, ಅನ್ಯಾಯ. ಹೊರದೂಡಲ್ಪಟ್ಟವನು ರಸ್ತೆಯ ದಟ್ಟಣೆಯನ್ನು ಹೆಚ್ಚಿಸುವನೆಂಬುದನ್ನೂ ಮರೆಯಲಾಗದು. ಕೆಲಸಗಾರನಿಗೆ ವೇಳೆಯನ್ನು ನಿಗದಿಮಾಡುವವರು ಯಜಮಾನರು. ವೈಟ್‌ಫೀಲ್ಡಿನ ದೊಡ್ಡ ಕಚೇರಿಗಳು ಹಾಜರಿಯ ವೇಳೆಯನ್ನು ಹಿಂದುಮುಂದಾಗಿ ಹಂಚಿಕೊಂಡರೆ ಯಾರಿಗೂ ನಷ್ಟವಿಲ್ಲ.

ಹೊಸ ಮಾರ್ಗಗಳಾದರೆ ಎಲ್ಲವೂ ಸರಿಹೋಗುವುದೆಂದು ಕೆಲವರು ಸಮಾಧಾನ ಹೇಳುವರು. ನಾವು ಅಷ್ಟು ಸುಲಭವಾಗಿ ನಂಬೆವು. ಎಂ. ಜಿ. ರಸ್ತೆಯಲ್ಲಿ ನೇರಳೆ ಮಾರ್ಗವನ್ನು ಕೂಡಲಿರುವ ಗುಲಾಬಿ ಮಾರ್ಗವು ಮೆಜೆಸ್ಟಿಕ್ಕಿನ ಭಾರವನ್ನು ಹಗುರಮಾಡುವುದು ನಿಜ. ಆದರೆ ಉಪನದಿಯು ಸೇರಿದ ಮೇಲೆ ನದಿಯ ನೀರು ಏರುವುದೂ ಅಷ್ಟೇ ನಿಜ. 2022ರಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲು ಬೇಗನೆ ಮುಗಿದರೆ ಮಾತ್ರ ದೂರದ ಪ್ರಯಾಣಿಕರಿಗೆ ಬೇರೆ ದಾರಿ ದೊರೆತು ನಿಜವಾದ ಉಪಶಮನವುಂಟಾದೀತು.

ಪ್ರಯಾಣಿಕರಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ಇಳಿಯುವವರಿಗೆ ಮೊದಲು ದಾರಿಬಿಡುವುದು ಸೌಜನ್ಯ ಮಾತ್ರವಲ್ಲ. ಬಾಗಿಲಲ್ಲಿ ಕಳೆದ ಒಂದೊಂದು ಕ್ಷಣವೂ ಹಿಂದಿನ ರೈಲುಗಳನ್ನು ತಡೆದು ನಿಲ್ಲಿಸುವುದು. ಆದರೆ ಜನರ ಶಿಸ್ತನ್ನು ಮುಂದುಮಾಡಿ ಅಧಿಕಾರಿಗಳು ತಮ್ಮ ಹೊಣೆಯನ್ನು ಮರೆಯಬಾರದು. ಈ ರೈಲು ಪ್ರಜೆಗಳ ಹಣದಿಂದಾದುದು. ಎಷ್ಟು ಹೊಸ ಬಂಡಿಗಳು ಯಾವ ತಿಂಗಳಿನಲ್ಲಿ ಈ ಮಾರ್ಗಕ್ಕೆ ಇಳಿಯುವುವೆಂಬ ಲೆಕ್ಕವನ್ನು ಪ್ರಕಟಿಸಿ, ಅದರಂತೆ ನಡೆಯತಕ್ಕದ್ದು. ಜನತೆ ಕೇಳುತ್ತಿರುವುದು ಸುಖಾಸನವನ್ನಲ್ಲ. ಮಾನದಿಂದ ನಿಲ್ಲಲು ಒಂದಡಿ ಜಾಗವನ್ನು.