ದಂಡಿನ ಊರಿಗೆ ಬರುವ ಸಂಸಾರಗಳೂ ಮಕ್ಕಳ ಶಾಲೆಯೂ

ಸೈನ್ಯದಲ್ಲಿರುವವನಿಗೆ ವರ್ಗದ ಆಜ್ಞೆ ಬಂದರೆ ಅವನು ಪೆಟ್ಟಿಗೆ ಕಟ್ಟಿ ಹೊರಡುವುದು ಕಷ್ಟವಲ್ಲ. ಅವನ ಹೆಂಡತಿ ಮಕ್ಕಳು ಹೊರಡುವುದೇ ಕಷ್ಟ. ಕೊಡಗು, ಬೆಳಗಾವಿ, ವಿಜಯಪುರ ಮೊದಲಾದ ಪ್ರಾಂತಗಳಲ್ಲಿ ಮಗನನ್ನೋ ಅಳಿಯನನ್ನೋ ಸೈನ್ಯಕ್ಕೆ ಕಳುಹಿಸಿರುವ ಮನೆಗಳು ಅನೇಕವಿವೆ. ಅಂಥ ಮನೆಯ ಹಿರಿಯರು ಈ ಸಂಗತಿಗಳನ್ನು ಮೊದಲೇ ತಿಳಿದಿದ್ದರೆ ಮಕ್ಕಳ ವಿದ್ಯಾಭ್ಯಾಸಕ್ಕೆ ಬರುವ ಎಷ್ಟೋ ವಿಘ್ನಗಳನ್ನು ತಪ್ಪಿಸಬಹುದು.

ಮೊದಲು ಸ್ಥಳದ ವಿಚಾರ. ಬೆಂಗಳೂರಿನವರಿಗೆ ‘ದಂಡು’ ಎಂದರೆ ರೈಲು ನಿಲ್ದಾಣದ ಹೆಸರು. 1809ರಲ್ಲಿ ಸ್ಥಾಪಿತವಾದ ಆ ದಂಡಿನ ಪ್ರದೇಶವು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿ ಬಂದು, 1949ರಲ್ಲಿ ನಗರದೊಡನೆ ಒಂದಾಯಿತು. ಬೆಳಗಾವಿಯ ಸಂಗತಿ ಹಾಗಲ್ಲ. ಅಲ್ಲಿನ ಜನರು ‘ಕ್ಯಾಂಪು’ ಎಂದು ಕರೆಯುವ ಭಾಗಕ್ಕೆ ಊರಿನ ಪಾಲಿಕೆಯಿಂದ ಬೇರೆಯಾದ ಕಂಟೋನ್ಮೆಂಟು ಬೋರ್ಡಿನ ಆಡಳಿತವಿರುವುದು ಬಹುಕಾಲದ ರೂಢಿ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವುದೂ ಅದೇ ಊರಿನಲ್ಲಿಯೇ. ಇಂಥ ಬೋರ್ಡುಗಳಿಗೆ ಆಧಾರವಾದುದು 1924ರ ಕಾನೂನಿನ ಸ್ಥಾನದಲ್ಲಿ ಬಂದ 2006ರ ಕಾನೂನು. ಪ್ರಾಥಮಿಕ ಶಾಲೆಗಳನ್ನು ನಡೆಸುವುದು ಅಥವಾ ಅವುಗಳಿಗೆ ನೆರವಾಗುವುದು ಬೋರ್ಡಿನ ಕರ್ತವ್ಯಗಳಲ್ಲಿ ಒಂದೆಂದು ಅದರಲ್ಲಿ ವಿಧಿಸಿದೆ. ನಾಗರಿಕರು ವಾಸಿಸುವ ಭಾಗಗಳನ್ನು ಪೌರಸಭೆಗಳಿಗೆ ಒಪ್ಪಿಸುವ ಕಾರ್ಯವು 2023ರಲ್ಲಿ ಹಿಮಾಚಲ ಪ್ರದೇಶದ ಯೋಲ್ ಎಂಬಲ್ಲಿಂದ ಮೊದಲಾಗಿದೆ. ಆದಕಾರಣ ತಾವು ಸೇರಿದ ಬೀದಿ ಯಾರ ಆಡಳಿತಕ್ಕೆ ಒಳಪಟ್ಟಿದೆ ಎಂಬುದನ್ನು ಹೊಸಬರು ಕೇಳಿ ತಿಳಿಯತಕ್ಕದ್ದು.

ಕಾವಲಿನ ಬಾಗಿಲಿನ ಒಳಗಿರುವ ಸೇನಾನೆಲೆಯ ನಿಯಮಗಳು ಹೊಸದಾಗಿ ಬಂದ ಗೃಹಿಣಿಗೆ ಕಠಿನವಾಗಿ ತೋರುವುದುಂಟು. ಆದರೆ ಒಂದು ವಾರದಲ್ಲಿ ಅಭ್ಯಾಸವಾಗುತ್ತವೆ. ಗುರುತಿನ ಚೀಟಿಯಿಲ್ಲದೆ ಒಳಗೆ ಬಿಡುವುದಿಲ್ಲ. ಊರಿನಿಂದ ಬರುವ ಅತ್ತೆಮಾವಂದಿರ ಹೆಸರನ್ನೂ ಬಾಗಿಲಲ್ಲಿ ಬರೆಯಿಸಬೇಕು. ಮನೆಗೆಲಸದವಳಿಗೂ ಅನುಮತಿಪತ್ರ ಬೇಕು. ಸೈನಿಕ ಕಟ್ಟಡಗಳ ಚಿತ್ರ ತೆಗೆಯಬಾರದು. ಕೈಯಲ್ಲಿ ಫೋನಿರುವ ಮಕ್ಕಳಿಗೆ ಈ ಮಾತನ್ನು ಎರಡು ಸಲ ಹೇಳುವುದು ಒಳ್ಳೆಯದು. ಸರ್ಕಾರಿ ಮನೆ ಬಂದ ದಿನವೇ ಸಿಗುವುದಿಲ್ಲ, ಸರದಿಗೆ ಕಾಯಬೇಕು. ಸಿಕ್ಕಿದ ದಿನ ನಲ್ಲಿ, ದೀಪ, ಕಿಟಕಿಯ ಗಾಜು ಇವನ್ನೆಲ್ಲ ಪಟ್ಟಿಯೊಡನೆ ಹೋಲಿಸಿ ನೋಡಿಯೇ ಸಹಿ ಮಾಡತಕ್ಕದ್ದು. ಬಿಡುವ ದಿನ ಅದೇ ಪಟ್ಟಿಯನ್ನು ಹಿಡಿದು ಪರೀಕ್ಷಿಸುತ್ತಾರೆ. ಒಡೆದುದಕ್ಕೆ ಹಣ ತೆರಬೇಕು. ಅಂಥ ಮನೆಯನ್ನು ಮತ್ತೊಬ್ಬರಿಗೆ ಬಾಡಿಗೆಗೆ ಕೊಡುವುದು ನಿಷಿದ್ಧ.

ಶಾಲೆಯ ವಿಚಾರವು ಇಷ್ಟು ಸುಲಭವಲ್ಲ. ನಾನು ಪಾಠ ಹೇಳುತ್ತಿದ್ದ ಶಾಲೆಗೆ ಒಂದು ವರ್ಷ ಅಕ್ಟೋಬರಿನಲ್ಲಿ ಹವಾಲ್ದಾರರೊಬ್ಬರ ಮಗಳು ಸೇರಿದಳು. ಆರನೆಯ ತರಗತಿಗೆ ಬರುವಷ್ಟರಲ್ಲಿ ಅದು ಅವಳ ನಾಲ್ಕನೆಯ ಶಾಲೆ. ಭಿನ್ನರಾಶಿಯನ್ನು ಅವಳು ಎರಡು ಸಲ ಕಲಿತಿದ್ದಳು, ದಶಮಾಂಶವನ್ನು ಒಮ್ಮೆಯೂ ಕಲಿತಿರಲಿಲ್ಲ. ಒಂದು ಶಾಲೆಯಲ್ಲಿ ಅದು ಮುಂದೆ ಬರಬೇಕಾಗಿದ್ದ ಪಾಠ, ಮುಂದಿನ ಶಾಲೆಯಲ್ಲಿ ಆಗಲೇ ಮುಗಿದುಹೋದ ಪಾಠ. ಹಿಂದಿನ ಶಾಲೆಯವರು ಆ ಮಗುವಿನ ಬುದ್ಧಿ ಮಂದವೆಂದು ಬರೆದು ಕಳುಹಿಸಿದ್ದರು. ಕೆಲವು ದಿನ ಸಂಜೆ ಕೂರಿಸಿಕೊಂಡು ಬಿಟ್ಟುಹೋದುದನ್ನು ಹೇಳಿಕೊಟ್ಟ ಮೇಲೆ ಅವಳು ಎಲ್ಲರಂತೆಯೇ ಲೆಕ್ಕ ಮಾಡಿದಳು. ಸಾಮಾನು ಕಟ್ಟುವಾಗ ಮಕ್ಕಳ ಹಳೆಯ ನೋಟುಪುಸ್ತಕಗಳನ್ನು ರದ್ದಿಗೆ ಹಾಕುವ ತಾಯಂದಿರಿಗೆ ನನ್ನ ಪ್ರಾರ್ಥನೆ ಇಷ್ಟೇ: ಪಾತ್ರೆಗಳಲ್ಲಿ ಎರಡನ್ನು ಬೇಕಾದರೆ ಬಿಡಿ, ನೋಟುಪುಸ್ತಕಗಳನ್ನು ಬಿಡಬೇಡಿ. ಪಾಠ ಎಲ್ಲಿಯವರೆಗೆ ನಡೆದಿತ್ತೆಂಬುದನ್ನು ಹೊಸ ಉಪಾಧ್ಯಾಯರಿಗೆ ತಿಳಿಸುವ ಸಾಕ್ಷಿ ಅವೇ.

ಇಂಥ ಮಕ್ಕಳ ಕಷ್ಟವನ್ನು ಕಂಡೇ ಕೇಂದ್ರ ಸರ್ಕಾರದವರು ಕೇಂದ್ರೀಯ ವಿದ್ಯಾಲಯಗಳನ್ನು ಏರ್ಪಡಿಸಿದರು. 1963ರಲ್ಲಿ ಸೈನ್ಯದ ದಳಗಳು ನಡೆಸುತ್ತಿದ್ದ 20 ಶಾಲೆಗಳನ್ನು ವಹಿಸಿಕೊಂಡು ಆರಂಭವಾದ ವ್ಯವಸ್ಥೆಯಿದು. ಎಲ್ಲಿ ಹೋದರೂ ಒಂದೇ ಪಾಠಕ್ರಮ. ಪ್ರವೇಶದಲ್ಲಿ ವರ್ಗವಾಗುವ ಕೇಂದ್ರ ನೌಕರರ ಮಕ್ಕಳಿಗೆ ಮೊದಲ ಸ್ಥಾನ. ಅವರೊಳಗೂ ಹಿಂದಿನ 7 ವರ್ಷಗಳಲ್ಲಿ ಹೆಚ್ಚು ಸಲ ವರ್ಗವಾದವರಿಗೆ ಆದ್ಯತೆ. ಆದ್ದರಿಂದ ವರ್ಗಗಳ ಸಂಖ್ಯೆಯನ್ನು ತೋರಿಸುವ ಕಾಗದವನ್ನು ಜೋಪಾನವಾಗಿಡಬೇಕು. ಒಂದನೆಯ ತರಗತಿಗೆ ಮಾರ್ಚ್ 31ಕ್ಕೆ 6 ವರ್ಷ ತುಂಬಿರತಕ್ಕದ್ದು. ಇದಲ್ಲದೆ ಸೇನೆಯ ಶಿಕ್ಷಣ ಸಂಘವು 1983ರಲ್ಲಿ ಸ್ಥಾಪಿತವಾಗಿ ಆರ್ಮಿ ಪಬ್ಲಿಕ್ ಶಾಲೆಗಳನ್ನು ನಡೆಸುತ್ತಿದೆ. ಅಲ್ಲಿ ಶುಲ್ಕವು ತಂದೆಯ ದರ್ಜೆಗೆ ಅನುಸಾರವಾಗಿರುತ್ತದೆ. ವಿಜಯಪುರದಲ್ಲಿ 1963ರಿಂದ ಇರುವ ಸೈನಿಕ ಶಾಲೆಯನ್ನೂ, ಬೆಳಗಾವಿ ಬೆಂಗಳೂರುಗಳ ರಾಷ್ಟ್ರೀಯ ಮಿಲಿಟರಿ ಶಾಲೆಗಳನ್ನೂ ಇವುಗಳೊಡನೆ ಬೆರೆಸಬಾರದು. ಅವು ಪ್ರವೇಶಪರೀಕ್ಷೆಯಿಂದ ಸೇರತಕ್ಕ ವಸತಿಶಾಲೆಗಳು. ವರ್ಷದ ನಡುವೆ ಬಂದವರಿಗೆ ಆಶ್ರಯವಾಗುವಂಥವಲ್ಲ.

ಟಿ.ಸಿ. ಬರುವುದು ತಡವಾಯಿತೆಂದು ಮಗುವನ್ನು ಮನೆಯಲ್ಲಿ ಕೂರಿಸಿಕೊಂಡಿರುವವರನ್ನು ಬಹಳ ಮಂದಿ ಕಂಡಿದ್ದೇನೆ. ಇದು ಅನಾವಶ್ಯಕ. 2009ರ ಶಿಕ್ಷಣ ಹಕ್ಕಿನ ಕಾನೂನಿನ 5ನೆಯ ಪ್ರಕರಣದಂತೆ, ಕೇಳಿದ ಕೂಡಲೇ ಅದನ್ನು ಕೊಡುವುದು ಮುಖ್ಯೋಪಾಧ್ಯಾಯರ ಕರ್ತವ್ಯ. ಅದು ತಡವಾದ ಕಾರಣಕ್ಕೆ ಸರ್ಕಾರದ ಅಥವಾ ಅನುದಾನಿತ ಶಾಲೆಯವರು ಎಂಟನೆಯ ತರಗತಿಯವರೆಗೆ ಪ್ರವೇಶವನ್ನು ನಿರಾಕರಿಸುವಂತೆಯೂ ಇಲ್ಲ, ಮುಂದೂಡುವಂತೆಯೂ ಇಲ್ಲ. ಕಚೇರಿಯ ಗುಮಾಸ್ತರಿಗೆ ಇದು ನೆನಪಿಲ್ಲದಿದ್ದರೆ ವಿನಯದಿಂದ ನೆನಪು ಮಾಡಿಕೊಡಬಹುದು.

ಮೇಲಿನ ತರಗತಿಗಳ ಸಂಗತಿಯೇ ಬೇರೆ. ಕೇಂದ್ರ ಮಂಡಳಿಯ ಪರೀಕ್ಷೆಗೆ ಒಂಬತ್ತು ಮತ್ತು ಹನ್ನೊಂದರಲ್ಲಿಯೇ ಹೆಸರು ದಾಖಲಾಗುತ್ತದೆ. ಹತ್ತಕ್ಕೋ ಹನ್ನೆರಡಕ್ಕೋ ನೇರವಾಗಿ ಸೇರಿಸಬೇಕಾದರೆ ತಂದೆತಾಯಿಗಳ ವರ್ಗದಂಥ ಕಾರಣವನ್ನು ಕಾಗದದೊಡನೆ ತೋರಿಸಿ ಮಂಡಳಿಯ ಒಪ್ಪಿಗೆ ಪಡೆಯಬೇಕು. ಇಂಥ ವರ್ಷದಲ್ಲಿ ವರ್ಗ ಬಂದರೆ ಸಂಸಾರವನ್ನು ಇದ್ದಲ್ಲಿಯೇ ನಿಲ್ಲಿಸುವುದು ಲೇಸೆಂದು ನನ್ನ ಮತ. ಪರೀಕ್ಷೆ ಮುಗಿಯುವವರೆಗೆ ಮನೆಯನ್ನು ಉಳಿಸಿಕೊಡುವಂತೆ ಯಜಮಾನರು ಅರ್ಜಿ ಕೊಟ್ಟು ಕೇಳಬಹುದು.

ಇನ್ನು ಭಾಷೆ. ಆರರಿಂದ ಎಂಟರವರೆಗೆ ಕೇಂದ್ರೀಯ ವಿದ್ಯಾಲಯಗಳಲ್ಲಿ ಸಂಸ್ಕೃತವನ್ನು ಕಲಿಸುತ್ತಾರೆ. ಊರು ಬದಲಾದರೂ ರಾಮಶಬ್ದ ಬದಲಾಗುವುದಿಲ್ಲವೆಂಬುದು ನನ್ನಂಥ ಪಂಡಿತನಿಗೆ ಸಂತೋಷದ ಸಂಗತಿ. ಆದರೆ ಪಠಾಣಕೋಟೆಯಲ್ಲಿಯೋ ಜೋರ್ಹಾಟಿನಲ್ಲಿಯೋ ಬೆಳೆಯುವ ಕನ್ನಡದ ಮಗುವಿಗೆ ತಾಯಿನುಡಿಯ ಅಕ್ಷರವನ್ನು ಕಲಿಸುವವರು ಮನೆಯವರೇ. ಅಜ್ಜಿಗೆ ವಾರಕ್ಕೊಂದು ಕಾಗದವನ್ನು ಮಗುವಿನ ಕೈಯಿಂದಲೇ ಬರೆಯಿಸಿದರೆ ಒಂದು ವರ್ಷದಲ್ಲಿ ಒತ್ತಕ್ಷರಗಳೆಲ್ಲ ಬರುತ್ತವೆ. ಕನ್ನಡದ ಸಂಸಾರಗಳು ಹಲವು ಸೇರಿರುವ ನೆಲೆಯಲ್ಲಿ ಪ್ರಾಂತಭಾಷೆಯ ಪಾಠವನ್ನು ಏರ್ಪಡಿಸುವಂತೆ ಎಲ್ಲರೂ ಒಟ್ಟಾಗಿ ಸಹಿ ಮಾಡಿ ಪ್ರಾಂಶುಪಾಲರನ್ನು ಕೇಳಬಹುದು. ಮನವಿಯನ್ನು ಅವರ ವರ್ಷಾರಂಭವಾದ ಏಪ್ರಿಲಿನಲ್ಲಿಯೇ ಕೊಡಬೇಕು. ನಮ್ಮ ಊರ ಶಾಲೆಗಳಂತೆ ಜೂನಿಗೆ ಎಂದು ಕಾದರೆ ಅಷ್ಟರಲ್ಲಿ ವೇಳಾಪಟ್ಟಿ ನಿಶ್ಚಯವಾಗಿಬಿಟ್ಟಿರುತ್ತದೆ.