ಹೊಸ ಕಾರಿಗೆ ಒಣಬಟ್ಟೆ ಬೇಡ

ಹೊಸ ಕಾರಿಗೆ ಮೊದಲ ಗೀರು ಬೀಳುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪಕ್ಕದ ಆಟೋ ಉಜ್ಜಿದಾಗ ಎಂದುಕೊಂಡಿದ್ದೀರಾ? ಎಷ್ಟೋ ಕಾರುಗಳಿಗೆ ಅದು ಕೀ ಕೈಗೆ ಸಿಗುವ ಮುಂಚೆಯೇ ಬಿದ್ದಿರುತ್ತದೆ. ಕಾರ್ಖಾನೆಯಿಂದ ಟ್ರೇಲರ್ ಹತ್ತಿ ಬಂದ ಗಾಡಿ ಊರಾಚೆಯ ಸ್ಟಾಕ್‌ಯಾರ್ಡಿನಲ್ಲಿ ವಾರಗಟ್ಟಲೆ ಬಿಸಿಲು, ಧೂಳಿಗೆ ಮೈಯೊಡ್ಡಿ ನಿಂತಿರುತ್ತದೆ. ಡೆಲಿವರಿ ದಿನ ಬೆಳಿಗ್ಗೆ ಒಬ್ಬ ಹುಡುಗ ಅವಸರದಲ್ಲಿ ಪೈಪ್ ಹಿಡಿದು, ಹಿಂದಿನ ನಾಲ್ಕು ಗಾಡಿ ಒರೆಸಿದ ಬಟ್ಟೆಯಲ್ಲೇ ಇದನ್ನೂ ಉಜ್ಜಿ, ರಿಬ್ಬನ್ ಕಟ್ಟಿ ನಿಲ್ಲಿಸುತ್ತಾನೆ. ಹುಡುಗನದೇನೂ ತಪ್ಪಿಲ್ಲ. ಅವನಿಗೆ ಸಿಗುವುದು ಗಾಡಿಗೆ ಅರ್ಧ ಗಂಟೆ. ಡೆಲಿವರಿಯ ಹಿಂದಿನ ದಿನವೇ ಸೇಲ್ಸ್‌ನವರಿಗೆ ಫೋನ್ ಮಾಡಿ, 'ನಮ್ಮ ಗಾಡಿ ತೊಳೆಯೋದು ಬೇಡ, ಹೇಗಿದೆಯೋ ಹಾಗೇ ಕೊಡಿ' ಎಂದುಬಿಡಿ. ವಿಚಿತ್ರವಾಗಿ ನೋಡಿಯಾರು, ನೋಡಲಿ.

ಧೂಳು ಕೂತಿದ್ದರಿಂದ ಪೇಂಟ್ ಹಾಳಾಗುವುದಿಲ್ಲ. ಆ ಧೂಳನ್ನು ಒಣಗಿದ್ದಾಗಲೇ ಎಳೆದಾಡುವುದರಿಂದ ಹಾಳಾಗುತ್ತದೆ. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಗಾಜಿನಂತೆ ಕಾಣುವ ಕ್ಲಿಯರ್ ಕೋಟ್. ಎಲ್ಲ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಹೊಳಪೆಲ್ಲ ಇರುವ ಕ್ಲಿಯರ್ ಕೋಟಿನ ಪಾಲು 40-50 ಮೈಕ್ರಾನ್ ಮಾತ್ರ; ಸಾಮಾನ್ಯ ತಲೆಗೂದಲಿಗಿಂತಲೂ ತೆಳು. ಅದು ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್. ನಮ್ಮ ರಸ್ತೆ ಧೂಳಿನಲ್ಲಿರುವುದೋ ಮರಳಿನ ಕಣ, ಅಂದರೆ ಕ್ವಾರ್ಟ್ಜ್. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದಕ್ಕೆ 7. ಕಿಟಕಿ ಗಾಜಿನ ಮೇಲೂ ಗೀರೆಳೆಯಬಲ್ಲ ಕಣವದು. ಬಟ್ಟೆ ಎಷ್ಟೇ ಮೆತ್ತಗಿರಲಿ, ಅದರಡಿ ಇಂಥ ನಾಲ್ಕು ಕಣ ಸಿಕ್ಕಿಕೊಂಡರೆ ನಿಮ್ಮ ಕೈಯಲ್ಲಿರುವುದು ಉಪ್ಪುಕಾಗದವೇ.

ನಂಬಿಕೆ ಬರದಿದ್ದರೆ ರಾತ್ರಿ ಪೆಟ್ರೋಲ್ ಬಂಕಿನ ಬಿಳಿ ದೀಪದಡಿ ನಿಂತ ಯಾವುದಾದರೂ ಕಪ್ಪು ಕಾರಿನ ಬಾನೆಟ್ ನೋಡಿ. ದೀಪದ ಪ್ರತಿಬಿಂಬದ ಸುತ್ತ ಸಾವಿರಾರು ಸಣ್ಣ ಗೆರೆಗಳ ಉಂಗುರ ಕಾಣುತ್ತದೆ. ಯಾರೋ ಸುತ್ತಿ ಸುತ್ತಿ ಉಜ್ಜಿದ್ದಾರೆ ಅನ್ನಿಸುತ್ತದೆ, ಆದರೆ ಹಾಗೇನಲ್ಲ. ಗೀರುಗಳು ಎಲ್ಲ ದಿಕ್ಕಿನಲ್ಲೂ ಬಿದ್ದಿರುತ್ತವೆ. ಬೆಳಕು ಬರುವ ದಿಕ್ಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚಿ ಕಣ್ಣಿಗೆ ಬೀಳುವುದರಿಂದ ಉಂಗುರ ಮೂಡುತ್ತದೆ. ತಲೆ ಸ್ವಲ್ಪ ಆಚೀಚೆ ಸರಿಸಿ, ಉಂಗುರವೂ ನಿಮ್ಮ ಜೊತೆಗೇ ಸರಿಯುತ್ತದೆ. ಬಿಳಿ, ಸಿಲ್ವರ್ ಕಾರುಗಳಲ್ಲೂ ಇಷ್ಟೇ ಗೀರುಗಳಿರುತ್ತವೆ, ಕಾಣುವುದಿಲ್ಲ ಅಷ್ಟೆ. ಗೀರು ತೆಗೆಸಲು ರಬ್ಬಿಂಗ್ ಮಾಡಿಸಬಹುದಲ್ಲ ಎನ್ನುವವರಿದ್ದಾರೆ. ರಬ್ಬಿಂಗ್ ಎಂದರೆ ಗೀರಿನ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸುವುದು. ಇರುವುದೇ 40-50 ಮೈಕ್ರಾನ್. ಅದನ್ನು ಎಷ್ಟು ಸಲ ಸವೆಸುತ್ತೀರಿ?

ಹಾಗಾಗಿ ನನ್ನ ಮೊದಲ ಸಲಹೆ ಸೋಮಾರಿಗಳಿಗೆ ಇಷ್ಟವಾಗುವಂಥದ್ದು: ದಿನಾ ಒರೆಸುವುದನ್ನು ನಿಲ್ಲಿಸಿ. ಬೆಳಿಗ್ಗೆ ಎದ್ದು ಕೋಳಿಪುಕ್ಕದ ಪೊರಕೆಯಲ್ಲೋ ಉದ್ದ ಹಿಡಿಯ ಡಸ್ಟರಿನಲ್ಲೋ ಗಾಡಿಯ ಮೈ ಝಾಡಿಸುವ ಶಿಸ್ತಿನ ಮನುಷ್ಯರ ಕಾರುಗಳೇ ಎರಡು ವರ್ಷದಲ್ಲಿ ಮಂಕಾಗುವುದು. ಗ್ಲಾಸ್, ಕನ್ನಡಿ, ಲೈಟು, ನಂಬರ್ ಪ್ಲೇಟ್ ಸ್ವಚ್ಛವಿದ್ದರೆ ಸಾಕು. ಉಳಿದ ಧೂಳು ವಾರವೋ ಹದಿನೈದು ದಿನವೋ ಹಾಗೇ ಇರಲಿ.

'ಹೊಸ ಪೇಂಟು, ಒಂದು ತಿಂಗಳು ಶಾಂಪೂ ಹಾಕಬೇಡಿ' ಎಂಬ ಮಾತೂ ಚಾಲ್ತಿಯಲ್ಲಿದೆ. ಕಾರ್ಖಾನೆಯ ಪೇಂಟನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಬೇಯಿಸಿಯೇ ಹೊರಗೆ ಬಿಡುವುದು. ಅದು ಹಸಿಯಾಗಿ ಮನೆಗೆ ಬರುವುದಿಲ್ಲ. ಕಾಯಬೇಕಾದದ್ದು ಅಪಘಾತವಾಗಿ ಗ್ಯಾರೇಜಿನಲ್ಲಿ ಮರುಪೇಂಟ್ ಮಾಡಿಸಿದಾಗ, ಅದೂ ಮುಖ್ಯವಾಗಿ ವ್ಯಾಕ್ಸ್ ಹಚ್ಚುವುದಕ್ಕೆ.

ಹೊಸ ಗಾಡಿಯ ಮೊದಲ ಕೊಳೆ ಸಾಮಾನ್ಯವಾಗಿ ದೇವಸ್ಥಾನದ್ದು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಮುಂದೆ ನಿಂತು ಹೊರಟ ಕಾರಿನ ಬಾನೆಟ್ ಮೇಲೆ ಅರಿಸಿನ, ಕುಂಕುಮ, ಗಂಧ, ಹೂವಿನ ಎಸಳು ಎಲ್ಲ ಇರುತ್ತವೆ. ಪೂಜೆ ಮುಗಿದ ಕೂಡಲೇ ಹಾರ ತೆಗೆದು ಒಳಗಿಡಿ. ಗಾಳಿಗೆ ಹೊಯ್ದಾಡುವ ಹಾರದ ದಾರ, ಅದಕ್ಕೆ ಅಂಟಿದ ಪುಡಿ ಎಲ್ಲ ಸೇರಿ ಮನೆ ತಲುಪುವಷ್ಟರಲ್ಲಿ ಬಂಪರ್ ಅಂಚನ್ನು ತರಚಿರುತ್ತವೆ. ಕುಂಕುಮ ಒಣಗಿದ ಮೇಲೆ ಬೆರಳಲ್ಲಿ ಒರೆಸಬಾರದು, ನೀರು ಸುರಿದು ಹರಿಯಗೊಡಬೇಕು. ಬಿಳಿ ಕಾರಿನ ಮೇಲೆ ಅರಿಸಿನದ ಹಳದಿ ಉಳಿದರೆ ಉಜ್ಜುವುದು ಬೇಡ, ಎರಡು ದಿನ ಬಿಸಿಲಿನಲ್ಲಿ ನಿಲ್ಲಿಸಿ. ಅರಿಸಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ.

ಇನ್ನು ತೊಳೆಯುವ ವಿಷಯ. ಗಾಡಿ ನೆರಳಲ್ಲಿರಬೇಕು, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಮೊದಲ ಹತ್ತು ನಿಮಿಷ ಕೈಯಾಗಲಿ ಬಟ್ಟೆಯಾಗಲಿ ಮೈ ಮುಟ್ಟಕೂಡದು, ಬರೀ ನೀರು. ಮನೆಯಲ್ಲಿ ಪ್ರೆಷರ್ ವಾಷರ್ ಇದ್ದರೆ ಅಗಲವಾಗಿ ಚಿಮ್ಮುವ ಮೂತಿ ಹಾಕಿ, ಒಂದೂವರೆ ಅಡಿ ದೂರದಿಂದ, ಓರೆಯಾಗಿ ಹಿಡಿಯಿರಿ. ಮೇಲಿಂದ ಶುರು ಮಾಡಿ ಕೆಳಗೆ ಬನ್ನಿ. ಪ್ರೆಷರ್ ಇಲ್ಲದವರು ಗಿಡಕ್ಕೆ ಔಷಧಿ ಹೊಡೆಯುವ ಎರಡು ಲೀಟರಿನ ಕೈಪಂಪು ತಂದುಕೊಳ್ಳಲಿ (ಹೊಸದೇ ಆಗಿರಲಿ, ಗುಲಾಬಿಗೆ ಹೊಡೆದದ್ದು ಬೇಡ). ಅದರಲ್ಲಿ ಶಾಂಪೂ ನೀರು ತುಂಬಿ ಇಡೀ ಗಾಡಿಗೆ ಸಿಂಪಡಿಸಿ, ಮೂರು ನಾಲ್ಕು ನಿಮಿಷ ನೆನೆಯಬಿಟ್ಟು, ಒಣಗುವ ಮುಂಚೆ ನೀರು ಹಾಕಬೇಕು. ಗೀರೆಳೆಯಬಲ್ಲ ದೊಡ್ಡ ಕಣಗಳಲ್ಲಿ ಬಹುಪಾಲು ಇಷ್ಟರಲ್ಲೇ ಇಳಿದು ಹೋಗುತ್ತವೆ. ಕೆಸರು ಗಟ್ಟಿಯಾಗಿ ಒಣಗಿದ್ದರೆ ಇದನ್ನೇ ಇನ್ನೊಮ್ಮೆ ಮಾಡಿ. ಉಗುರು ಹಾಕಿ ಕೆರೆಯುವ ಆಸೆಯಾಗುತ್ತದೆ, ತಡೆದುಕೊಳ್ಳಿ.

ಇದಾದ ಮೇಲೆ ಎರಡು ಬಕೆಟ್ ಬೇಕು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಎರಡನೆಯದರ ತಳದಲ್ಲಿ ಒಂದು ಪ್ಲಾಸ್ಟಿಕ್ ಜಾಲರಿ ಇಡಿ. ಕೈಗೆ ಮೈಕ್ರೋಫೈಬರ್ ಗ್ಲೌಸ್. ಶಾಂಪೂವಿನಲ್ಲಿ ಅದ್ದಿ ಮೊದಲು ಟಾಪ್ ಮೇಲೆ, ಭಾರ ಹಾಕದೆ, ನೇರ ಗೆರೆಯಲ್ಲಿ ಎಳೆಯಿರಿ. ರೊಟ್ಟಿ ತಟ್ಟಿದ ಹಾಗೆ ಸುತ್ತು ಹೊಡೆಯಬೇಡಿ. ಟಾಪ್ ಮುಗಿಯಿತೇ? ಗ್ಲೌಸನ್ನು ಬರೀ ನೀರಿನ ಬಕೆಟ್ಟಿಗೆ ಇಳಿಸಿ, ಜಾಲರಿಗೆ ಉಜ್ಜಿ, ಹಿಂಡಿ, ಆಮೇಲಷ್ಟೇ ಶಾಂಪೂವಿಗೆ. ಹೀಗೆ ಗ್ಲಾಸು, ಬಾನೆಟ್, ಬಾಗಿಲುಗಳ ಮೇಲಿನರ್ಧ, ಕಡೆಗೆ ಬಾಗಿಲ ಕೆಳಭಾಗ ಮತ್ತು ಬಂಪರ್. ಒಂದೊಂದು ಭಾಗ ಆದಾಗಲೂ ಜಾಲಿಸಲೇಬೇಕು. ಎಲ್ಲ ಮುಗಿದ ಮೇಲೆ ಬರೀ ನೀರಿನ ಬಕೆಟ್ಟನ್ನು ನಿಧಾನ ಬಗ್ಗಿಸಿ ನೋಡಿ. ನೀರು ಹೋದ ಮೇಲೆ ತಳದಲ್ಲಿ ಚಿಟಿಕೆಯಷ್ಟು ಕಂದು ಮರಳು ಉಳಿಯುತ್ತದೆ, ಬೆರಳ ನಡುವೆ ಉಜ್ಜಿದರೆ ಕರಕರ ಎನ್ನುತ್ತದೆ. ಒಂದೇ ಬಕೆಟ್ ಇಟ್ಟುಕೊಂಡಿದ್ದರೆ ಅದು ಮತ್ತೆ ಮತ್ತೆ ಗ್ಲೌಸಿಗೆ ಹತ್ತಿ ಬಾನೆಟ್ ಮೇಲೆ ಓಡಾಡುತ್ತಿತ್ತು.

ಚಕ್ರಕ್ಕೆ ಬಟ್ಟೆ ಬೇರೆ, ಬಕೆಟ್ ಬೇರೆ. ಅಲ್ಲಿರುವುದು ಬ್ರೇಕ್ ಪ್ಯಾಡ್, ಡಿಸ್ಕ್ ಸವೆದು ಬಿದ್ದ ಲೋಹದ ಪುಡಿ. ಚಕ್ರ ತೊಳೆದ ಬಟ್ಟೆ ಆಮೇಲೆ ಬಾಡಿಗೆ ಬರಲೇಕೂಡದು.

ಶಾಂಪೂ ಕಾರಿನದೇ ಆಗಿರಲಿ, ಒಂದು ಬಕೆಟ್ಟಿಗೆ ಒಂದು ಮುಚ್ಚಳ ಸಾಕು. ಬಟ್ಟೆ ಸೋಪಿನ ಪುಡಿ ಕ್ಷಾರ, ಕರಗದ ಹರಳುಗಳೂ ಅದರಲ್ಲಿ ಉಳಿಯುತ್ತವೆ. ಪಾತ್ರೆಯ ಲಿಕ್ವಿಡ್ ಜಿಡ್ಡಿನ ಜೊತೆಗೆ ವ್ಯಾಕ್ಸನ್ನೂ ಕಿತ್ತುಹಾಕುತ್ತದೆ. ಬಟ್ಟೆಯ ವಿಷಯದಲ್ಲಿ ನಮ್ಮ ಮನೆಗಳ ಹಳೇ ಬನಿಯನ್, ಹರಿದ ಪಂಚೆ, ಶೋರೂಮಿನವರು ಕೊಡುವ ಹಳದಿ ಬಟ್ಟೆ ಯಾವುದೂ ಪೇಂಟಿಗೆ ಬೇಡ. ಹತ್ತಿ ಒರಟು ಎಂದಲ್ಲ. ಚಪ್ಪಟೆ ನೇಯ್ಗೆಯಲ್ಲಿ ಕಣ ಅಡಗಲು ಜಾಗವಿಲ್ಲ, ಮೇಲೆಯೇ ಉಳಿದು ಉಜ್ಜುತ್ತದೆ. ಪಾಲಿಯೆಸ್ಟರ್, ಪಾಲಿಅಮೈಡ್ ಎಳೆಗಳ ದಪ್ಪ ಮೈಕ್ರೋಫೈಬರ್ ಬಟ್ಟೆಯ ರೋಮದೊಳಗೆ ಅದು ಇಳಿದು ಕೂರುತ್ತದೆ. ಅದರ ಅಂಚಿನ ಗಟ್ಟಿ ಲೇಬಲ್ ಮೊದಲೇ ಕತ್ತರಿಸಿಬಿಡಿ. ನೆಲಕ್ಕೆ ಬಿದ್ದ ಬಟ್ಟೆ ಆ ಕ್ಷಣದಿಂದ ಚಕ್ರದ ಬಟ್ಟೆ, ಚೌಕಾಸಿ ಬೇಡ. ಒಗೆಯುವಾಗ ಬೇರೆ ಬಟ್ಟೆಗಳ ಜೊತೆ ಸೇರಿಸಬೇಡಿ, ಕಂಫರ್ಟಿನಂಥ ಸಾಫ್ಟನರ್ ಹಾಕಲೇಬೇಡಿ, ಎಳೆಗಳು ಅಂಟಿಕೊಂಡು ನೀರು ಹೀರುವುದನ್ನೇ ಬಿಡುತ್ತವೆ.

ನೀರು ಎಲ್ಲಿಂದ ತರುವುದು ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ತಮಾಷೆಯದಲ್ಲ. 2024ರ ಮಾರ್ಚ್‌ನಲ್ಲಿ, ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಜನ ಕ್ಯೂ ನಿಂತಿದ್ದಾಗ, ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಎಂದಿತು. ಮಾಮೂಲಿ ಪೈಪಿನಲ್ಲಿ ನಿಮಿಷಕ್ಕೆ 10-15 ಲೀಟರ್ ಹರಿಯುತ್ತದೆ. ಹದಿನೈದು ನಿಮಿಷ ಬಿಟ್ಟರೆ ಒಂದು ಸಣ್ಣ ಸಂಸಾರದ ದಿನದ ನೀರು ಚರಂಡಿಗೆ. ಮನೆಬಳಕೆಯ ಪ್ರೆಷರ್ ವಾಷರ್ ಆದರೆ ಇದರ ಅರ್ಧದಷ್ಟು. ಕೆಸರಿಲ್ಲದೆ ಬರೀ ಧೂಳಿದ್ದಾಗ 'ರಿನ್ಸ್‌ಲೆಸ್' ದ್ರಾವಣ ಅನುಕೂಲ: ಹತ್ತು ಲೀಟರ್ ನೀರಿಗೆ ಬಾಟಲಿಯ ಮೇಲೆ ಹೇಳಿದಷ್ಟು ಬೆರೆಸಿ, ಮೊದಲು ಪಂಪಿನಲ್ಲಿ ಸಿಂಪಡಿಸಿ ನೆನೆಸಿ, ನಾಲ್ಕೈದು ಬಟ್ಟೆ ಅದ್ದಿಟ್ಟುಕೊಂಡು ಒಂದೊಂದು ಭಾಗಕ್ಕೆ ಒಂದೊಂದು ಮಗ್ಗುಲು ಮಡಚುತ್ತ ಒರೆಸುವುದು. ಒಂದೇ ಬಕೆಟ್ಟಿನಲ್ಲಿ ಇಡೀ ಗಾಡಿ ಮುಗಿಯುತ್ತದೆ.

ಬೋರ್ ನೀರಿಗೆ ಇನ್ನೊಂದು ಕಾಟ. ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಗಡಸು ನೀರಿನ ಹನಿ ಒಣಗಿದ ಕಡೆ ಬಿಳಿ ಉಂಗುರ ಬಿಡುತ್ತದೆ. ಬಿಸಿಲಿಗೆ ಕಾದ ಬಾನೆಟ್ ಮೇಲಾದರೆ ಅದು ಪೇಂಟಿಗೆ ಕಚ್ಚಿಕೊಂಡೇ ಬಿಡಬಹುದು. ಕೊನೆಯ ಒಂದು ಬಕೆಟ್ ಮಳೆನೀರಾದರೆ ಉತ್ತಮ. ಮಳೆಕೊಯ್ಲಿನ ತೊಟ್ಟಿ ಇರುವ ಮನೆಯವರು ಅದನ್ನು ಇದಕ್ಕಾಗಿ ಎತ್ತಿಡಬಹುದು. ಒರೆಸುವುದೆಂದರೂ ಒರೆಸುವುದಲ್ಲ. ದೊಡ್ಡ ಮೈಕ್ರೋಫೈಬರ್ ಟವೆಲನ್ನು ಬಾನೆಟ್ ಮೇಲೆ ಹಾಸಿ, ಎರಡು ತುದಿ ಹಿಡಿದು ಮೆಲ್ಲಗೆ ನಿಮ್ಮ ಕಡೆ ಎಳೆದುಕೊಳ್ಳಿ, ನೀರನ್ನು ಅದೇ ಕುಡಿಯುತ್ತದೆ. ಬಿಳಿ ಉಂಗುರ ಆಗಲೇ ಬಿದ್ದಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅದ್ದಿದ ಬಟ್ಟೆ ಒಂದು ನಿಮಿಷ ಇಟ್ಟು ತೊಳೆದುಬಿಡಿ.

ಒಂದು ಕೊಳೆಗೆ ಮಾತ್ರ ಹದಿನೈದು ದಿನ ಕಾಯುವಂತಿಲ್ಲ: ಹಕ್ಕಿ, ಬಾವಲಿ ಹಿಕ್ಕೆ. ಅದರ ಆಮ್ಲ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಕ್ಲಿಯರ್ ಕೋಟನ್ನು ತಿನ್ನಬಲ್ಲದು. ಒದ್ದೆ ಟಿಶ್ಯೂ ಹಾಕಿ ಹತ್ತು ನಿಮಿಷ ಬಿಟ್ಟು, ಎತ್ತಿ ತೆಗೆಯಿರಿ. ಎಳೆಯಬೇಡಿ, ಹಿಕ್ಕೆಯಲ್ಲಿ ಹಣ್ಣಿನ ಬೀಜ, ಮರಳು ಎಲ್ಲ ಇರುತ್ತವೆ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯ ಕೆಂಪು ಅದಿರಿನ ಧೂಳು ಇನ್ನೊಂದು ಬಗೆಯದು. ನುಣ್ಣಗಿದ್ದರೂ ಗಡಸು, ತೊಳೆದ ಮೇಲೂ ಉಳಿಯುತ್ತದೆ. ಒಂದು ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ತೊಳೆದ ಬಾನೆಟ್ ಮೇಲೆ ಸವರಿ ನೋಡಿ. ಬರಿಗೈಗೆ ಗೊತ್ತಾಗದ ತರಿತರಿ ಕವರಿನಲ್ಲಿ ತಿಳಿಯುತ್ತದೆ. ಅದಕ್ಕೆ ಕ್ಲೇ ಬಾರ್ ಎಂಬ ಜೇಡಿಯಂಥ ವಸ್ತು ಬರುತ್ತದೆ, ಅದನ್ನೂ ಧಾರಾಳವಾಗಿ ಶಾಂಪೂ ನೀರು ಹಾಕಿಕೊಂಡೇ ಜಾರಿಸಬೇಕು.

ಶೋರೂಮಿನವರು ಡೆಲಿವರಿ ಹೊತ್ತಿಗೆ ಮಾರುವ ಸಿರಾಮಿಕ್ ಕೋಟಿಂಗ್ ಬಗ್ಗೆ ಒಂದು ಮಾತು. '9ಎಚ್ ಗಡಸುತನ, ಗೀರೇ ಬೀಳಲ್ಲ ಸಾರ್' ಎನ್ನುತ್ತಾರೆ. ಆ 9ಎಚ್ ಪೆನ್ಸಿಲ್ ಪರೀಕ್ಷೆಯದು. ವಜ್ರಕ್ಕೆ 10 ಕೊಡುವ ಮೋಸ್ ಮಾಪಕಕ್ಕೂ ಅದಕ್ಕೂ ಸಂಬಂಧವಿಲ್ಲ. ಕೋಟಿಂಗಿನಿಂದ ಕೊಳೆ ಸುಲಭವಾಗಿ ಜಾರುತ್ತದೆ, ತೊಳೆಯುವುದು ಹಗುರವಾಗುತ್ತದೆ, ಅದು ನಿಜ. ಮರಳು ಎಳೆದರೆ ಅದರ ಮೇಲೂ ಗೀರು ಬೀಳುತ್ತದೆ.

ಉಳಿದದ್ದು ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಜಾವ ಬಂದು ಅರ್ಧ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಇಡೀ ಬೇಸ್‌ಮೆಂಟಿನ ಗಾಡಿಗಳನ್ನು ಒರೆಸಿ ಹೋಗುವ ಅಣ್ಣನ ವಿಚಾರ. ಇಪ್ಪತ್ತನೇ ಗಾಡಿ ನಿಮ್ಮದಾದರೆ ಹಿಂದಿನ ಹತ್ತೊಂಬತ್ತರ ಮರಳು ನಿಮಗೆ. ಅವರನ್ನು ಬಿಡಿಸಬೇಕಿಲ್ಲ, ಸಂಬಳ ಕಡಿಮೆ ಮಾಡುವ ಮಾತೂ ಬೇಡ. 'ಅಣ್ಣಾ, ನಮ್ಮ ಗಾಡಿ ಬಾಡಿ ಮುಟ್ಟಬೇಡಿ. ಗ್ಲಾಸು, ಒಳಗಡೆ ಮ್ಯಾಟು, ಚಕ್ರ ಇಷ್ಟು ಮಾಡಿ ಸಾಕು' ಎನ್ನಿ, ಗ್ಲಾಸಿಗೆಂದು ಎರಡು ಬಟ್ಟೆ ನೀವೇ ಕೊಡಿ. ಮೊದಲ ವಾರ ಅಭ್ಯಾಸಬಲದಿಂದ ಬಾನೆಟ್ಟಿಗೂ ಕೈ ಹಾಕುತ್ತಾರೆ, ಇನ್ನೊಂದು ಸಲ ಹೇಳಬೇಕಾಗುತ್ತದೆ.